ಟ್ರೂಡಿಯ ಬಲಗಾಲು

ಟ್ರೂಡಿ ಹ್ಯಾಸ್ಕೆಲ್‌ಗೆ ನಲವತ್ತು ದಾಟಿದೆ. ಅಮೆರಿಕದ ಲಾಂಗ್ ಬೀಚಿನಲ್ಲಿ ಬೂಟು ರಿಪೇರಿಯ ಅಂಗಡಿ ಇಟ್ಟಿದ್ದಾಳೆ. ಅವಳ ಬಾಯಿಯನ್ನು ರಿಪೇರಿ ಮಾಡುವವರು ಮಾತ್ರ ಇನ್ನೂ ಹುಟ್ಟಿಲ್ಲ. ಹರೆಯದಲ್ಲಿ ಅವಳು ಸ್ಕೇಟ್‌ಬೋರ್ಡ್ ಹತ್ತಿದರೆ ಗಂಡುಹುಡುಗರು ದಾರಿ ಬಿಡುತ್ತಿದ್ದರಂತೆ. ಎಡಮಂಡಿ ಮುರಿದು ಒಳಗೆ ಕಂಬಿ ಕೂರಿಸಿದ ಮೇಲೆ ಆ ಚಕ್ರದ ಹಲಗೆ ಮೂಲೆ ಸೇರಿತು. ಉಳಿದದ್ದು ಭಾನುವಾರ ಮಧ್ಯಾಹ್ನದ ವಿಡಿಯೋ ಗೇಮ್ ಒಂದೇ. ಅವಳ ಜೊತೆಯೇ ಹಲಗೆ ಆಡಿದ ಗೆಳತಿ ಮೋನಾ ಕ್ವಿಂಟಾನಾ ತಮಾಲೆ ಎಂಬ ಮೆಕ್ಸಿಕನ್ ಕಡುಬು ಕಟ್ಟಿಸಿಕೊಂಡು ಬರುತ್ತಾಳೆ. ಇಬ್ಬರೂ ಸೋಫಾದಲ್ಲಿ ಕೂತು, ಟಿವಿಯೊಳಗಿನ ಬೊಂಬೆಗಳನ್ನು ಹಲಗೆಯ ಮೇಲೆ ಹಾರಿಸುತ್ತಾ ಒಬ್ಬರನ್ನೊಬ್ಬರು ಹೀಯಾಳಿಸುತ್ತಾರೆ.

ಆ ಭಾನುವಾರ ಮೋನಾಳ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಟ್ರೂಡಿಯ ಬೊಂಬೆ ಬಲಗಾಲು ಮುಂದಿಟ್ಟು ನಿಂತಿತ್ತು. ಟ್ರೂಡಿ ಯಾವಾಗಲೂ ಎಡಗಾಲು ಮುಂದಿಡುವವಳು. ಹಲಗೆಯ ಮೇಲೆ ಯಾವ ಕಾಲು ಮುಂದೆ ಅನ್ನುವುದು ಉಣ್ಣುವ ಕೈ ಇದ್ದ ಹಾಗೆ, ಬದಲಾಗುವಂಥದ್ದಲ್ಲ. ಕೈತಪ್ಪಿ ಯಾವುದೋ ಗುಂಡಿ ಒತ್ತಿರಬೇಕು ಅಂದುಕೊಂಡ ಮೋನಾ, ಟ್ರೂಡಿ ಕಾಫಿಗೆಂದು ಎದ್ದಾಗ ಮಹದುಪಕಾರ ಮಾಡುವವಳಂತೆ ಎಡಗಾಲನ್ನೇ ಮುಂದಕ್ಕೆ ತಂದಿಟ್ಟಳು.

ಟ್ರೂಡಿ ವಾಪಸು ಬಂದು ಆಟ ಶುರುಮಾಡಿದಾಗ ಅವಳ ಬೊಂಬೆ ಮೊದಲ ಜಿಗಿತಕ್ಕೇ ಮುಗ್ಗರಿಸಿತು.

“ನನ್ನ ಕಾಲು ಯಾರೇ ಬದಲಾಯಿಸಿದ್ದು?”

“ನಾನೇ ಕಣೇ. ತಪ್ಪಾಗಿತ್ತಲ್ಲ, ಸರಿ ಮಾಡ್ದೆ.”

“ನಿನ್ನ ಯಾರು ಕೇಳಿದ್ರು? ಊರ ಉಸಾಬರಿಯೆಲ್ಲ ನಿನಗೇ ಬೇಕು.”

ಮೋನಾಳಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಬೊಂಬೆಯ ಕಾಲಿಗೆ ಯಾರಾದರೂ ಇಷ್ಟು ಉರಿದು ಬೀಳುತ್ತಾರೆಯೇ? ಕಣ್ಣು ತಾನಾಗಿ ಮೂಲೆಯ ಹಲಗೆಯತ್ತ ಹೋಯಿತು. ಅದರ ಮೇಲೆ ಧೂಳೇ ಇಲ್ಲ. ಚಕ್ರಗಳು ಹೊಸವು, ಹಿಂಬದಿಯ ತುದಿ ಮೊನ್ನೆ ಮೊನ್ನೆ ಸವೆದಂತಿತ್ತು.

“ಟ್ರೂಡಿ, ಇದೇನೇ?”

ಟ್ರೂಡಿ ಕಾಫಿ ಲೋಟ ಕೆಳಗಿಟ್ಟಳು. “ಎಡಗಾಲು ಮುಂದಿಟ್ರೆ ಮಂಡಿ ಹಿಡ್ಕೊಳ್ಳತ್ತೆ. ಅದಕ್ಕೇ ಬಲಗಾಲಲ್ಲಿ ಅಆಇಈಯಿಂದ ಕಲೀತಿದೀನಿ. ಆ ಕಡೆಯಿಂದ ಹೇಗೆ ಕಾಣತ್ತೆ ಅಂತ ಗೇಮಲ್ಲಿ ನೋಡ್ಕೊಳ್ತೀನಿ. ಹಲಗೆ ಬಿಟ್ಟು ಬದುಕಿದ್ದು ಸಾಕಾಯ್ತು ಮಾರಾಯ್ತಿ.”

“ನನಗ್ಯಾಕೆ ಹೇಳ್ಲಿಲ್ಲ?”

“ನೀನು ನೋಡಕ್ಕೆ ಬರ್ತಿದ್ದೆ. ಅದೇ ಭಯ.”

“ಬಿದ್ರೆ ನಗ್ತೀನಿ ಅಂತಾನಾ?”

ಟ್ರೂಡಿ ಹಲಗೆ ಎತ್ತಿಕೊಂಡು ಹೊರಗೆ ನಡೆದಳು. ಮೋನಾ ಕಾರಿನ ಡಿಕ್ಕಿಯಿಂದ ತನ್ನ ಹಲಗೆ ತೆಗೆದು ನಿಂತಳು. ಯಾರಾದರೂ ಜಿಗಿದು ಗೆದ್ದರೆ, ನೋಡುತ್ತ ನಿಂತವರು ತಮ್ಮ ಹಲಗೆಯನ್ನು ನೆಲಕ್ಕೆ ಬಡಿಯಬೇಕು. ಹಲಗೆ ಆಡುವ ಜನಕ್ಕೆ ಅದೇ ಚಪ್ಪಾಳೆ. ಗೆಲ್ಲದವರಿಗೆ ಕನಿಕರದಿಂದ ಬಡಿದರೆ ಮುಖಕ್ಕೆ ಉಗಿದ ಹಾಗೆ.

ಟ್ರೂಡಿ ಬಲಗಾಲು ಮುಂದಿಟ್ಟು ಬಂದಳು, ಫುಟ್‌ಪಾತಿನ ಅಂಚಿನಿಂದ ರಸ್ತೆಗೆ ಹಾರಿದಳು. ಹಲಗೆ ನೆಲ ಮುಟ್ಟಿತು, ಮೈ ವಾಲಿತು, ಅಂಗೈ ಡಾಂಬರಿಗೆ ಒಂದು ಕ್ಷಣ ತಾಗಿತು. ಆದರೂ ಬೀಳದೆ ಸಾವರಿಸಿಕೊಂಡು ಮುಂದಕ್ಕೆ ಸಾಗಿದಳು. ಎಷ್ಟು ವರ್ಷವಾಗಿತ್ತು ಇದನ್ನು ನೋಡಿ. ಮೋನಾಳ ಕೈಯಲ್ಲಿದ್ದ ಹಲಗೆ ತಾನಾಗಿ ಮೇಲೆದ್ದಿತು.

ಟ್ರೂಡಿ ತಿರುಗಿ ಆ ಹಲಗೆಯನ್ನೇ ದಿಟ್ಟಿಸುತ್ತಿದ್ದಳು.

ಮೋನಾ ಸದ್ದಾಗದ ಹಾಗೆ ಅದನ್ನು ಕೆಳಗಿಳಿಸಿದಳು.

“ಯಾಕೆ ಬಡೀಲಿಲ್ಲ?”

“ಕೈ ತಾಗ್ತು ಕಣೇ. ಲೆಕ್ಕಕ್ಕಿಲ್ಲ.”

ಟ್ರೂಡಿಯ ಮುಖ ಅರಳಿತು. “ಎಲ್ಲಿ ಕನಿಕರಕ್ಕೆ ಬಡಿದುಬಿಡ್ತೀಯೋ ಅಂತ ಜೀವ ಹೋಗಿತ್ತು” ಎಂದವಳೇ, ಕುಂಟುತ್ತಾ ಫುಟ್‌ಪಾತು ಹತ್ತಿ ಮತ್ತೆ ಬಲಗಾಲು ಮುಂದಿಟ್ಟಳು.