ಆಕೆಯ ಬಾಟಲಿ ತುಂಬಿರುತ್ತಿತ್ತು

ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ, ಮುಚ್ಚಿಡುವುದೇನಿದೆ. ನವನಗರದ ಒಂದು ಪ್ರಯೋಗಾಲಯಕ್ಕೆ ಇಬ್ಬರೂ ಗುತ್ತಿಗೆಯ ಮೇಲೆ ಸೇರಿದ್ದೆವು. ದೊಡ್ಡಿಯಲ್ಲಿ ಕೂಡಿಹಾಕಿದ ಕುರಿಗಳಿಗೆ ನೀಲಿನಾಲಿಗೆ ರೋಗ ಹರಡುವ ನುಸಿಗಳನ್ನು ಹಿಡಿದು ತರುವುದು ಕೆಲಸ. ಸಂಜೆ ಒಂದು ತಾಸು ಕುರಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಅದರ ಹೊಟ್ಟೆ, ಕಿವಿಯ ಮೇಲಿನ ನುಸಿಯನ್ನು ಗಾಜಿನ ಕೊಳವೆಯಿಂದ ಎಳೆದು ಬಾಟಲಿಗೆ ತುಂಬಬೇಕು. ಆಕೆಗೆ ಕಲಾದಗಿಯ ದೊಡ್ಡಿ, ನನಗೆ ಮರೋಳದ್ದು. ವರ್ಷದ ಕೊನೆಗೆ ಇಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸಿಕೊಳ್ಳುತ್ತೇವೆಂದು ಸಾಹೇಬರು ಮೊದಲೇ ಹೇಳಿದ್ದರು.

ಆಕೆಯ ಬಾಟಲಿ ಪ್ರತಿ ಸಲ ಕಪ್ಪಗೆ ತುಂಬಿರುತ್ತಿತ್ತು. ನನ್ನದರಲ್ಲಿ ನಾಲ್ಕೋ ಐದೋ. ಏತ ನೀರಾವರಿ ಬಂದ ಮೇಲೆ ಮರೋಳದಲ್ಲಿ ಕೆಸರಿಗೇನು ಬರ, ನುಸಿ ಮುತ್ತಬೇಕಿತ್ತು. ಆಕೆ ಕಚ್ಚಿಸಿಕೊಂಡ ಮೊಣಕೈ ತೋರಿಸುತ್ತ, "ನಿನಗ ಒಂದೂ ಕಡಿಯಂಗಿಲ್ಲಲ್ಲ, ಪುಣ್ಯವಂತಿ ನೀ" ಅನ್ನುವಳು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಕಳ್ಳಿ, ಎಲ್ಲಿಂದಲೋ ತಂದು ತುಂಬುತ್ತಾಳೆ ಎಂದುಕೊಂಡೆ.

ಒಮ್ಮೆ ನನಗೆ ಜ್ವರ ಬಂದಾಗ ಮರೋಳಕ್ಕೂ ಆಕೆಯೇ ಹೋದಳು. ನನ್ನ ದೊಡ್ಡಿ, ನನ್ನ ಕುರಿ. ಬಾಟಲಿ ಮಾತ್ರ ತುಂಬಿ ಬಂತು.

ಮುಂದಿನ ವಾರ ಮರೋಳಕ್ಕೆ ಹೋದವಳೇ ಕುರಿ ಸಾಕಿದ ಅಜ್ಜಿಯನ್ನು ಹಿಡಿದು ಕೇಳಿದೆ. "ಆಕಿ ಅವತ್ತು ಏನ್ ಮಾಡಿದ್ಳು, ಖರೆ ಹೇಳಬೇ ಯಮ್ಮಾ."

"ಆಕಿ ಏನೂ ಮಾಡಲಿಲ್ರಿ. ನಾನೇ ಬೇವಿನ ಹೊಗಿ ಹಾಕಲಿಲ್ಲ."

"ಎಂಥಾ ಹೊಗಿ?"

"ನೀವು ಬರೂ ದಿನ ದೊಡ್ಡಿ ತುಂಬ ಹೊಗಿ ಹಾಕಿರ್ತೇನಿ, ನಮ್ಮ ಅಕ್ಕಾರಿಗೆ ನುಸಿ ಕಡೀಬಾರದಂತ. ಆಕಿ ಯಾರೋ ಏನೋ, ಕಡಿದ್ರ ಕಡೀಲಿ ಅಂತ ಬಿಟ್ನಿ."

ಇಷ್ಟು ದಿನ ಅದು ಒಲೆಯ ಹೊಗೆಯ ವಾಸನೆ ಎಂದುಕೊಂಡಿದ್ದೆ. ಅಜ್ಜಿ ಎಂದಿನಂತೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು; ತಿಂದು ಬಸ್ಸು ಹತ್ತಿದೆ.

ಸಾಹೇಬರಿಗೆ ಇದ್ದದ್ದು ಇದ್ದಂತೆ ಹೇಳಿದೆ. ನಾನು ಮರೋಳದಲ್ಲಿ ಮಾಡಿದ್ದೆಲ್ಲ ರದ್ದಾಯಿತು, ಕೆಲಸ ಆಕೆಗೆ ಹೋಯಿತು. ನಾನೀಗ ಇಳಕಲ್ಲಿನಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೂರುತ್ತೇನೆ. ಮರೋಳದ ಸುದ್ದಿಯೇ ಬೇಡ ಎಂದುಕೊಂಡರೂ ಮೊನ್ನೆ ಆಕೆಯೇ ಫೋನು ಮಾಡಿದಳು.

"ಮರೋಳದ ಅಜ್ಜಿ ಈಗ ನನಗೂ ಹೊಗಿ ಹಾಕಾಕತ್ತಾಳ. ಬ್ಯಾಡ ಅಂದ್ರ ಕೇಳವಲ್ಲಳು" ಎಂದು ನಕ್ಕಳು.

"ರೊಟ್ಟಿನೂ ಕೊಡ್ತಾಳೇನು?" ಎಂದೆ.

"ಕೊಡ್ತಾಳ."

ಕೆಲಸ ಹೋದಾಗಲೂ ನನಗೆ ಇಷ್ಟು ಹೊಟ್ಟೆ ಉರಿದಿರಲಿಲ್ಲ.