ಶಂಕಗಿರಿಯಲ್ಲಿ ಅಪ್ಪ ಕೆರೆದ ನವಿಲು

ಪಾಲಕೋಡಿನಲ್ಲಿ ನಾನು ಬಸ್ಸು ಹತ್ತಿದಾಗ ಟೊಮೆಟೊ ಮಾರುಕಟ್ಟೆ ಗಲಗಲ ಎನ್ನುತ್ತಿತ್ತು. ಹಿಂದಿನ ಸಂಜೆ ಅಪ್ಪ ಶಂಕಗಿರಿಯಿಂದ ಫೋನು ಮಾಡಿ, ತಾನು ನವಿಲು ಬರೆದಿದ್ದ ಲಾರಿ ಎಫ್‌ಸಿಗೆ ಬಂದಿದೆ, ನಾಳೆ ಬಣ್ಣ ಕೆರೆಯುತ್ತೇನೆ ಎಂದಿದ್ದ. "ನಾನು ಬರೋಗಂಟ ಮುಟ್ಬೇಡಪ್ಪಾ" ಎಂದು ಗೋಗರೆದಿದ್ದೆ.

ಅಪ್ಪ ಮೀಸೆ ಚಿಗುರುವ ಮೊದಲೇ ಲಾರಿಗಳ ಮೇಲೆ ಚಿತ್ರ ಬರೆಯಲು ಕೂತವನು. ಅವನ ಬಗ್ಗೆ ನಾನೊಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೆ. ತೋರಿಸಲು ಹಳೆಯ ಚಿತ್ರಗಳೇ ಇರಲಿಲ್ಲ. ಪ್ರತಿ ಸಲ, ಲಾರಿ ಓಡಲು ಯೋಗ್ಯವೇ ಎಂದು ನೋಡುವ ಸರ್ಕಾರದ ಎಫ್‌ಸಿ ತಪಾಸಣೆಗೆ ಮುಂಚೆ, ಹಳೆಯ ಚಿತ್ರದ ಮೇಲೆ ಅವನೇ ಹೊಸದು ಬರೆದುಬಿಡುತ್ತಾನೆ. ಆ ನವಿಲೂ ಹೋದರೆ ನನ್ನ ಕೈಯಲ್ಲಿ ಉಳಿಯುವುದು ಬರೀ ಮಾತು.

ಧರ್ಮಪುರಿಯಲ್ಲಿ ಸೇಲಂ ಬಸ್ಸು ಹಿಡಿದೆ. ಅದಿಯಮಾನ್‌ಕೋಟೆ ದಾಟುವಾಗಲೇ ಬಿಸಿಲೇರಿತ್ತು. ತೊಪ್ಪೂರು ಘಾಟಿಯಲ್ಲಿ ಬಸ್ಸು ಲಾರಿಗಳ ಹಿಂದೆ ತೆವಳಿತು. ಒಂದು ಲಾರಿಯ ಹಿಂದೆ ಅಪ್ಪನ ಗಿಣಿ ಕಂಡಿತು. ತಡೆಯಲಾರದೆ ಪಕ್ಕದ ಹೆಂಗಸಿಗೆ, "ಅದು ನಮ್ಮಪ್ಪ ಬರ್ದಿದ್ದು" ಎಂದೆ.

"ರೆಕ್ಕೆ ಬಿಚ್ಚಿ ಆರೋಗಂಗೈತಲ್ಲಮ್ಮಾ!" ಎಂದಳು ಆಕೆ.

ಸೇಲಂನಲ್ಲಿ ಎರಡು ಇಡ್ಲಿ ನುಂಗಿ ಮತ್ತೊಂದು ಬಸ್ಸು ಹತ್ತಿ ಶಂಕಗಿರಿ ಸೇರಿದೆ. ರಸ್ತೆಬದಿಯ ಶೆಡ್ಡಿನಲ್ಲಿ, ಲಾರಿಯ ಹಿಂಬದಿ ಹಲಗೆಯ ಮೇಲಿನ ನವಿಲಿನ ಪಕ್ಕ ಅಪ್ಪ ಕಾಯುತ್ತಿದ್ದ.

"ಕೆರೀಬೇಡಪ್ಪಾ. ಈ ಹಲಗೆ ಬಿಚ್ಚಿ ನಂಗೆ ಕೊಡ್ಸು."

"ವಂಡಿ ಓನರ್‌ಗೆ ಏನೇಳ್ಲಿ? ಬಣ್ಣ ದಪ್ಪಾಗಿ ಒಡ್ದೋಗೈತೆ. ನೀನು ಕ್ಯಾಮೆರಾ ಆಕು, ಮಗಾ."

ಸಿಟ್ಟು ಬಂದರೂ ಕ್ಯಾಮೆರಾ ಇಟ್ಟೆ. ಅಪ್ಪ ನವಿಲಿನ ಗರಿಗೆ ತಗಡಿನ ಅಂಚು ಹಾಕಿ ಬಣ್ಣ ಎಬ್ಬಿಸಿದ. ಕೆಳಗಿನಿಂದ ಕೆಂಪು ಇಣುಕಿತು.

"ಇದು ತಾವ್ರೆ. ನೀನು ಕಾಲೇಜು ಸೇರಿದ್ ವರ್ಸ."

ತಾವರೆಯಡಿ ಹುಲಿಯ ಬಾಲ. "ನೀನು ಇಸ್ಕೂಲಿಗೆ ಓಗಲ್ಲ ಅಂತ ಅತ್ತಾಗ ಬರ್ದಿದ್ದು." ಎಲ್ಲಕ್ಕಿಂತ ಕೆಳಗೆ, ಹಲಗೆಯ ಮರಕ್ಕೆ ಅಂಟಿಕೊಂಡು, ಇನ್ನೊಂದು ನವಿಲಿನ ಕತ್ತು. ಅಪ್ಪ ಅದರ ಮೇಲೆ ಕೈಯಾಡಿಸಿ ನಕ್ಕ. "ಥೂ, ಕೋಳಿ ಅಂಗೈತೆ! ಆಗ ಇನ್ನೂ ಕೈ ಪಳಗಿರ್ಲಿಲ್ಲ."

ಒಂದು ನವಿಲನ್ನು ಉಳಿಸಲು ಓಡಿಬಂದ ನನಗೆ ಅಪ್ಪನ ಇಡೀ ಆಯುಷ್ಯ ಸಿಕ್ಕಿತ್ತು. ಹೆಮ್ಮೆಯಿಂದ ಒಂದೊಂದು ಪದರವನ್ನೂ ಹತ್ತಿರದಿಂದ ಚಿತ್ರೀಕರಿಸಿದೆ.

ಮಧ್ಯಾಹ್ನ ಹಲಗೆಗೆ ನೀಲಿ ಬಳಿದು, ಒಣಗಿದ ಮೇಲೆ ಅಪ್ಪ ಹೊಸ ಚಿತ್ರದ ಕಣ್ಣನ್ನೇ ಮೊದಲು ಬರೆದ. ಯಾಕೆಂದು ಕೇಳಿದೆ.

"ಅದು ನೋಡ್ತಾ ಇದ್ರೆ ನಾನು ಸೋಂಬೇರಿ ಆಗಂಗಿಲ್ಲ."

ಸಂಜೆ ಬಸ್ಸು ಹೊರಟಾಗ ಕಿಟಕಿಯಿಂದ ಶೆಡ್ಡಿನತ್ತ ತಿರುಗಿ ನೋಡಿದೆ. ಬರಿದಾದ ನೀಲಿಯಲ್ಲಿ ಒಂದೇ ಒಂದು ಕಣ್ಣು, ಅದರೆದುರು ಬಗ್ಗಿದ ಅಪ್ಪನ ಬೆನ್ನು. ಅದು ಅವನನ್ನೇ ನೋಡುತ್ತಿತ್ತು, ನಾನೂ.