ಸೂಜಕ್ಕನ ಗುಂಡಿ ಡಬ್ಬಿಗಳು

ನನ್ನ ನಾದಿನಿಯನ್ನು ಬೀದಿಯವರೆಲ್ಲ ಸೂಜಕ್ಕ ಅಂತಲೇ ಕರೆಯುವುದು. ಅವಳು ಎದ್ದು ನಿಂತರೆ ನನ್ನ ಭುಜಕ್ಕೆ ಬರುತ್ತಾಳೆ, ನಾನೇ ಏನೂ ಉದ್ದದವಳಲ್ಲ. ಇಂಥವಳ ಪಾಲಿಗೆ ಬಂದ ಕೆಲಸ ನೋಡಿ, ನಮ್ಮೂರಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅಂಗಿ ಹೊಲಿಯುವುದು. ಆಟಗಾರರು ಅಳತೆ ಕೊಡಲು ಬಂದರೆ ಸ್ಟೂಲ್ ಹತ್ತುತ್ತಾಳೆ. ಏಣಿ ಬಂದರೆ ಸ್ಟೂಲೂ ಸಾಲದು, ಅವನನ್ನೇ ನೆಲದ ಮೇಲೆ ಕೂರಿಸುತ್ತಾಳೆ. ಏಣಿ ಅಂದರೆ ತಂಡದಲ್ಲೆಲ್ಲ ಎತ್ತರದವನು, ಊರವರು ಪ್ರೀತಿಯಿಂದ ಇಟ್ಟ ಹೆಸರು. ಚೆಂಡನ್ನು ಬುಟ್ಟಿಗೆ ಎಸೆಯುವ ಗೋಜಿಗೇ ಅವನು ಹೋಗುವುದಿಲ್ಲ, ಅಟ್ಟದ ಮೇಲೆ ಪಾತ್ರೆ ಇಟ್ಟ ಹಾಗೆ ಇಟ್ಟು ಬರುತ್ತಾನೆ. ಅಂಗಿಯ ಬೆನ್ನ ಮೇಲೂ ಅದೇ ಹೆಸರು ಹಾಕಿಸಿಕೊಂಡಿದ್ದಾನೆ.

ಅವಳ ಅಂಗಡಿ ಬಸ್ ನಿಲ್ದಾಣದ ಎದುರಿಗೆ. ಮುಂದೆ ದೊಡ್ಡ ಗಾಜಿನ ಕಿಟಕಿ, ಒಳಗೆ ಒಂದು ಹೊಲಿಗೆ ಮಿಷನ್, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಮೇಜಿನ ಆ ತುದಿಯಲ್ಲಿ ಅವಳ ಗಂಡ ಕೂತು ಅಂಕಿ, ಅಕ್ಷರಗಳನ್ನು ಕತ್ತರಿಸುತ್ತಾರೆ. ಈ ತುದಿಯಲ್ಲಿ ನಾನು ಕೂತು ಉಳಿದ ದಾರದ ತುದಿಗಳನ್ನು ಕತ್ತರಿಸುತ್ತೇನೆ. ನನ್ನ ಓದು ಅಷ್ಟಕ್ಕಷ್ಟೇ, ಆದರೆ ಕಿವಿ ಚೆನ್ನಾಗಿದೆ. ಆ ಅಂಗಡಿಯಲ್ಲಿ ಕಿವಿ ಇದ್ದವರಿಗೆ ಹೊತ್ತು ಹೋಗದೆ ಇರುವುದೇ ಇಲ್ಲ.

ಒಂದು ವರ್ಷ ಟಿವಿಯಲ್ಲಿ ಆಟದ ಸುದ್ದಿ ಹೇಳುವವನೊಬ್ಬ, ದೂರದ ಊರಿನಿಂದ ಭಾರಿ ಆಟಗಾರ ಬರುತ್ತಿದ್ದಾನೆ ಅಂತ ಮೇಜು ಕುಟ್ಟಿ ಕುಟ್ಟಿ ಹೇಳಿದ. ಸೂಜಕ್ಕ ನಂಬಿ, ಆಟ ನೋಡಲು ಬರುವವರು ಕೊಳ್ಳಲಿ ಅಂತ ಅವನ ಹೆಸರಿನ ಅಂಗಿಗಳನ್ನು ಹೊಲಿದಿಟ್ಟಳು. ಆಟಗಾರ ಬರಲೇ ಇಲ್ಲ. ಆ ಅಂಗಿಗಳೆಲ್ಲ ನಮ್ಮ ಮನೆಗಳಲ್ಲಿ ಕೈಬಟ್ಟೆ, ದಿಂಬಿನ ಚೀಲ ಆದವು. ಇವತ್ತಿಗೂ ನನ್ನ ದಿಂಬಿನ ಮೇಲೆ ಆ ಬಾರದವನ ಹೆಸರಿದೆ. ಅವನ ಮೇಲೆ ತಲೆ ಇಟ್ಟು ಸುಖವಾಗಿ ನಿದ್ದೆ ಮಾಡುತ್ತೇನೆ.

ಟಿವಿಯವನಿಗೆ ಸೂಜಕ್ಕ ಅವತ್ತೇ ಗಂಟಲು ಅಂತ ಹೆಸರಿಟ್ಟಳು. ಅವನಿಗೊಂದು ಗಾಜಿನ ಡಬ್ಬಿಯನ್ನೂ ಇಟ್ಟಳು. ಹೇಳಿದ್ದು ನಿಜವಾದರೆ ಡಬ್ಬಿಗೆ ಒಂದು ಬಿಳಿ ಗುಂಡಿ, ಸುಳ್ಳಾದರೆ ಕರಿ ಗುಂಡಿ. ಆಮೇಲೆ ಆಟದ ಬಗ್ಗೆ ಬರೆಯುವವರಿಗೆ, ಹೇಳುವವರಿಗೆ ಎಲ್ಲರಿಗೂ ಒಂದೊಂದು ಡಬ್ಬಿ ಆಯಿತು. ಗಂಟಲಿನ ಡಬ್ಬಿ ಎಷ್ಟು ಕಪ್ಪಾಯಿತು ಅಂದರೆ, ಯಾರಾದರೂ ಕೋಟಿನ ಗುಂಡಿ ಕಿತ್ತುಹೋಗಿದೆ ಅಂತ ಬಂದರೆ ಇವಳು ತಲೆ ಎತ್ತದೆ, ಗಂಟಲಿನಿಂದ ತೆಗೆದುಕೊಡಿ ಅತ್ತಿಗೆ, ಅನ್ನುವಳು. ಗೊತ್ತಿಲ್ಲದ ಗಿರಾಕಿಗಳು ಹೆದರಿ ತಮ್ಮ ಕತ್ತು ಮುಟ್ಟಿಕೊಳ್ಳುತ್ತಿದ್ದರು.

ಹೆಚ್ಚುಕಮ್ಮಿ ಪೂರ್ತಿ ಬೆಳ್ಳಗಿದ್ದದ್ದು ಮೆಲ್ಲಗಣ್ಣನ ಡಬ್ಬಿ. ಅವರು ಪೇಪರಿನವರು. ದಿನಾ ಬಸ್ಸಿಳಿದು ನಮ್ಮ ಕಿಟಕಿಯ ಮುಂದೆಯೇ ಆಫೀಸಿಗೆ ನಡೆದುಹೋಗುವರು. ನಡಿಗೆ ನಿಧಾನ, ಮಾತು ಅದಕ್ಕಿಂತ ನಿಧಾನ. ಅವರ ಡಬ್ಬಿಯಲ್ಲೂ ಒಂದೆರಡು ಕರಿ ಗುಂಡಿ ಇದ್ದವು. ಅದು ಹೇಗೆ ಅವರನ್ನು ನಂಬುತ್ತೀ ಅಂತ ನಾನು ಕೇಳಿದಾಗ ಸೂಜಕ್ಕ ಮಿಷನ್ ನಿಲ್ಲಿಸಿದಳು.

"ಅತ್ತಿಗೆ, ಯಾರು ಜೋರಾಗಿ ಹೇಳಿದ್ರು ಅಂತ ನೋಡಬಾರದು. ತಪ್ಪಾದ ಮಾರನೇ ದಿನ ಏನು ಹೇಳ್ತಾರೆ ಅಂತ ನೋಡಬೇಕು. ಇವರು ನಾನು ತಪ್ಪಿದೆ ಅಂತಾರೆ. ಆ ಗಂಟಲು, ನಾನು ಮೊದಲೇ ಹೇಳಿದ್ದೆ ಅಂತಾನೆ."

ಅವಳ ಗಂಡ ಮಾತ್ರ ಗಂಟಲಿನ ಭಕ್ತರು. ಅಷ್ಟು ಜೋರಾಗಿ ಹೇಳಬೇಕಾದರೆ ಗೊತ್ತಿಲ್ಲದೆ ಹೇಳುತ್ತಾನಾ ಅನ್ನುವುದು ಅವರ ವಾದ. ಗಂಡ ಹೆಂಡತಿಗೆ ಬೇರೆ ಯಾವುದಕ್ಕೂ ಜಗಳವಿರಲಿಲ್ಲ, ಇದೊಂದೇ. ಅದೂ ಊಟಕ್ಕೆ ಉಪ್ಪಿನ ಹಾಗೆ ದಿನಾ ಬೇಕು.

ಹೋದ ವರ್ಷ ತಂಡಕ್ಕೆ ಹೊಸ ಮ್ಯಾನೇಜರ್ ಬಂದರು. ಅಂಗಡಿಗೆ ಬಂದು ಅತ್ತಿತ್ತ ನೋಡಿ, ಈ ಕೆಲಸವನ್ನು ದೊಡ್ಡ ಕಾರ್ಖಾನೆಗೆ ಕೊಡುವ ಯೋಚನೆಯಿದೆ ಅಂದರು. ಆದರೂ ಒಂದು ಅವಕಾಶ ಕೊಡುತ್ತೇನೆ, ಮೊದಲ ಪಂದ್ಯದ ದಿನ ಆಟದ ಅಂಗಣದ ಗೇಟಿನ ಹತ್ತಿರ ಜನ ಯಾವ ಅಂಗಿ ಕೇಳುತ್ತಾರೋ ಅದು ಸಿಗಬೇಕು, ಸಿಗದಿದ್ದರೆ ಮುಂದಿನ ವರ್ಷದಿಂದ ನಿಮಗೆ ತೊಂದರೆ ಕೊಡುವುದಿಲ್ಲ ಅಂತ ಬಹಳ ಮರ್ಯಾದೆಯಿಂದ ಹೇಳಿ ಹೋದರು.

ಜನ ಕೇಳುವುದು ಏಣಿಯ ಅಂಗಿಯನ್ನೇ. ಅದೇ ತೊಡಕು, ಯಾಕೆಂದರೆ ಏಣಿಯ ಕರಾರು ಮುಗಿದಿತ್ತು. ಅವನು ಉಳಿಯುತ್ತಾನೋ ಹೋಗುತ್ತಾನೋ ಯಾರಿಗೂ ಗೊತ್ತಿಲ್ಲ. ಮ್ಯಾನೇಜರನ್ನು ಕೇಳಿದರೆ ಆ ವಿಷಯ ಎತ್ತಬೇಡಿ ಅಂದರು. ಬಟ್ಟೆ ಬಂದಿದ್ದು ಒಮ್ಮೆ ಕತ್ತರಿಸುವಷ್ಟೇ. ಏಣಿ ಅಂತ ಕತ್ತರಿಸಿ ಅವನು ಹೋದರೆ ಮತ್ತೆ ದಿಂಬಿನ ಚೀಲ, ಜೊತೆಗೆ ಅಂಗಡಿಯ ಕೆಲಸವೂ ಹೋಯಿತು. ಬೇರೆಯವರ ಹೆಸರು ಹಾಕಿ ಇವನು ಉಳಿದರೂ ಅಷ್ಟೇ.

ಗಂಟಲಂತೂ ಏಣಿ ಹೋದ, ಪೆಟ್ಟಿಗೆ ಕಟ್ಟಿದ, ರೈಲು ಹತ್ತಿದ ಅಂತ ದಿನಕ್ಕೊಂದು ಹೇಳುತ್ತಿದ್ದ. ಅದೇ ಸಂಜೆ ಏಣಿ ಎದುರಿನ ಅಂಗಡಿಯಲ್ಲಿ ಬ್ರೆಡ್ ಕೊಳ್ಳುತ್ತಿದ್ದ. ಬೀದಿ ಎರಡು ಭಾಗವಾಯಿತು. ಕ್ಷೌರದ ಅಂಗಡಿಯವನು ಗಿರಾಕಿ ಕೂತ ಕೂಡಲೇ, ಹೋಗ್ತಾನಾ ಉಳೀತಾನಾ ಅಂತ ಕೇಳಿ, ಉತ್ತರ ಹಿಡಿಸದಿದ್ದರೆ ಅರ್ಧ ತಲೆಯಲ್ಲೇ ವಾದಕ್ಕೆ ನಿಲ್ಲುತ್ತಿದ್ದ. ಅರ್ಧ ಕ್ಷೌರದವರು ಬೀದಿಗೆ ಬಂದು ಸಾಕ್ಷಿ ಹುಡುಕುವರು.

ಮೆಲ್ಲಗಣ್ಣ ಮಾತ್ರ ಏನೂ ಬರೆಯಲಿಲ್ಲ. ಸೂಜಕ್ಕ ದಿನಾ ಬೆಳಿಗ್ಗೆ ಪೇಪರ್ ಬಿಡಿಸುವಳು, ಮಡಚುವಳು, ಕತ್ತರಿ ಎತ್ತಿ ಮತ್ತೆ ಕೆಳಗಿಡುವಳು. ಅವರು ಬರೆಯಲಿ ಅತ್ತಿಗೆ, ಅಲ್ಲೀತನಕ ನಾನು ಬಟ್ಟೆ ಮುಟ್ಟಲ್ಲ ಅನ್ನುವಳು. ಹೊಸ ಬಟ್ಟೆಯ ಸುರುಳಿ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅದರ ಮೇಲೆ ಕಿಟಕಿಯ ಬಿಸಿಲು ಬಿದ್ದು ಬಣ್ಣ ಮಾಸೀತು ಅಂತ ಅವಳಿಗೆ ಇನ್ನೊಂದು ಚಿಂತೆ. ಅಲ್ಲೇ ಒಂದು ಮಾದರಿ ಅಂಗಿ ಇತ್ತು. ಈ ವರ್ಷದ ಹೊಸ ಪಟ್ಟೆ ಹೇಗೆ ಕಾಣುತ್ತದೆ ಅಂತ ಮ್ಯಾನೇಜರಿಗೆ ತೋರಿಸಲು ಹೊಲಿದದ್ದು. ಪಟ್ಟೆ ಎದ್ದು ಕಾಣಲಿ ಅಂತ ಏಣಿಯ ಅಳತೆಗೆ ಹೊಲಿದಿದ್ದಳು. ಹೆಸರೂ ಅವನದೇ, ಯಾಕೆಂದರೆ ಎರಡೇ ಅಕ್ಷರ, ಅವಳ ಗಂಡನಿಗೆ ಕತ್ತರಿಸಲು ಸುಲಭ. ಆ ಸುರುಳಿ ಬಿಟ್ಟರೆ ಅಂಗಡಿಯಲ್ಲಿ ಅದಕ್ಕಿಂತ ಅಗಲದ ಬಟ್ಟೆ ಇನ್ನೊಂದಿರಲಿಲ್ಲ. ಅದನ್ನೇ ಪರದೆಯ ಹಾಗೆ ಕಿಟಕಿಗೆ ತೂಗುಹಾಕಿದಳು.

ಮಾರನೇ ದಿನದ ಪೇಪರಿನಲ್ಲಿ ಮೆಲ್ಲಗಣ್ಣ ಬರೆದಿದ್ದರು, ಏಣಿ ಉಳಿಯುತ್ತಾನೆ ಅಂತ.

ಸೂಜಕ್ಕ ಓದಿ ಹೇಳಿದಳು, ಇನ್ನೊಮ್ಮೆ ಓದಿದಳು. ಆಮೇಲೆ ನನ್ನ ಎರಡೂ ಕೈ ಹಿಡಿದು ಮೇಜಿನ ಸುತ್ತ ಗಿರಗಿರ ತಿರುಗಿಸಿದಳು. ನನ್ನ ವಯಸ್ಸು, ನನ್ನ ಮಂಡಿ, ಒಂದನ್ನೂ ನೋಡಲಿಲ್ಲ. ಗಂಡ ಗೊಣಗುತ್ತಲೇ ಇದ್ದರು, ಗಂಟಲು ಬೇರೆ ಥರ ಹೇಳಿದ್ದಾನಲ್ಲ ಅಂತ. ಇವಳು ಕೇಳಿಸಿಕೊಂಡರೆ ತಾನೆ. ಕತ್ತರಿ ಬಟ್ಟೆಯೊಳಗೆ ಹೊಕ್ಕಿತು. ಆ ವಾರವೆಲ್ಲ ಏಣಿಯೇ ಏಣಿ. ಮೇಜಿನ ಮೇಲೆ ಏಣಿ, ಕುರ್ಚಿಯ ಮೇಲೆ ಏಣಿ, ನಾನು ಕೂತರೆ ಏಣಿ, ಎದ್ದರೆ ಬೆನ್ನಿಗಂಟಿಕೊಂಡು ಬರುವ ಏಣಿ.

ಎಲ್ಲ ಹೊಲಿದು ಮುಗಿದ ಮಧ್ಯಾಹ್ನ ಮೆಲ್ಲಗಣ್ಣ ಒಳಗೆ ಬಂದರು. ಅವರ ಕರಿ ಕೋಟಿನ ನಡುವಿನ ಗುಂಡಿ ಎಲ್ಲೋ ಬಿದ್ದುಹೋಗಿತ್ತು, ಹಾಕಿಸಿಕೊಂಡು ಹೋಗೋಣ ಅಂತ ಬಂದದ್ದು. ಅಂಗಿಗಳ ರಾಶಿ ನೋಡಿ ಅವರ ಮುಖ ಅರಳಿತು. ತಂಡದವರು ಇಷ್ಟೊಂದು ಹೊಲಿಯಲು ಹೇಳಿದರಾ ಅಂತ ಕೇಳಿದರು.

"ತಂಡದವರೆಲ್ಲಿ ಹೇಳಿದ್ರಣ್ಣ? ನೀವು ಬರೆದ್ರಲ್ಲ, ಅದನ್ನ ನೋಡಿ ಹೊಲಿದೆ," ಅಂದಳು ಸೂಜಕ್ಕ.

ಮೆಲ್ಲಗಣ್ಣ ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ಕಿಟಕಿಯ ಕಡೆ ಕೈ ತೋರಿಸಿದರು.

"ನಾನು ಬರೆದದ್ದು ಅದನ್ನ ನೋಡಿ, ತಾಯಿ. ಹೊಸ ಪಟ್ಟೆ, ಅವನ ಹೆಸರು. ಸೂಜಕ್ಕ ತಂಡದವರ ಮಾತಿಲ್ಲದೆ ಕತ್ತರಿ ಎತ್ತಲ್ಲ ಅಂದುಕೊಂಡೆ."

ಸೂಜಕ್ಕ ಕಿಟಕಿ ನೋಡಿದಳು, ರಾಶಿ ನೋಡಿದಳು, ಅವರನ್ನು ನೋಡಿದಳು. ಅದು ಬಿಸಿಲಿಗೆ ಹಾಕಿದ್ದು ಅಣ್ಣ, ಅಂದಳು. ಬಿಸಿಲಿಗಾ, ಅಂದರು ಅವರು. ಹೌದು, ಬಿಸಿಲಿಗೆ, ಅಂದಳು. ಅಷ್ಟರಲ್ಲಿ ನನ್ನ ಹೊಟ್ಟೆಯೊಳಗಿಂದ ನಗು ಕಿತ್ತುಕೊಂಡು ಬಂತು. ತಡೆಯಲು ಬಾಯಿಗೆ ಬಟ್ಟೆ ಒತ್ತಿಕೊಂಡೆ, ನೋಡಿದರೆ ಅದೂ ಏಣಿಯ ಅಂಗಿಯೇ. ಸೂಜಕ್ಕನಿಗೆ ಅಳು ಬರುತ್ತಿತ್ತು, ನನ್ನನ್ನು ನೋಡಿ ಅದು ನಗುವಾಯಿತು. ಅಂಗಡಿ ಹೋಯ್ತು ಅತ್ತಿಗೆ, ಅಂಗಡಿ ಹೋಯ್ತು ಅಂತ ಹೇಳುತ್ತಲೇ ಬಿದ್ದು ಬಿದ್ದು ನಕ್ಕಳು. ನಾನು ತಪ್ಪಿದೆ ಅಂತ ನಾಳೆಯೇ ಬರೆಯುತ್ತೇನೆ ಅಂದ ಮೆಲ್ಲಗಣ್ಣನೂ ನಗಲು ಶುರುಮಾಡಿದರು, ಅದೂ ನಿಧಾನವಾಗಿ, ನಾವು ಮುಗಿಸುವ ಹೊತ್ತಿಗೆ ಅವರು ನಡುವೆ ಇದ್ದರು. ಅವಳ ಗಂಡ ಮಾತ್ರ, ಗಂಟಲಿನ ಮಾತು ಕೇಳಿದ್ದರೆ ಇದೆಲ್ಲ ಆಗುತ್ತಿತ್ತಾ ಅಂತ ಗಂಭೀರವಾಗಿ ಕೂತಿದ್ದರು.

ಆಗಲೇ ಬಾಗಿಲ ಮೇಲಿನ ಮರಕ್ಕೆ ಏನೋ ಡಬ್ ಅಂತ ಬಡಿಯಿತು. ಏಣಿ, ಹಣೆ ಉಜ್ಜಿಕೊಳ್ಳುತ್ತಾ ನಿಂತಿದ್ದ. ಅಳತೆ ಕೊಡಬೇಕಿತ್ತು ಅಕ್ಕ, ಸ್ವಲ್ಪ ದಪ್ಪಗಾಗಿದ್ದೇನೆ ಅಂದ.

ಯಾವುದರ ಅಳತೆ ಅಂತ ಸೂಜಕ್ಕ ಕೇಳಿದಳು.

ಅವನು ನೆಲದ ಮೇಲೆ ಕೂತು ಎಲ್ಲ ಹೇಳಿದ. ರಜೆಯಿಡೀ ಮ್ಯಾನೇಜರ್ ಒಮ್ಮೆಯೂ ಮಾತಾಡಿಸಲಿಲ್ಲವಂತೆ. ತಾನು ಬೇಡವೇನೋ ಅಂತ ಇವನಿಗೆ ಬೇಸರ. ಪೇಪರಿನಲ್ಲಿ ಸುದ್ದಿ ನೋಡಿದ, ಮೆಲ್ಲಗಣ್ಣ ಬರೆದಿದ್ದಾರೆ ಅಂದಮೇಲೆ ಮ್ಯಾನೇಜರೇ ಹೇಳಿರಬೇಕು, ಪಾಪ, ನಾನು ಬೇಕು ಅವರಿಗೆ ಅಂದುಕೊಂಡ. ಅತ್ತ ಮ್ಯಾನೇಜರಿಗೆ, ಇವನು ತಾನಾಗಿ ಬಂದು ಕೇಳಲಿ ಅನ್ನುವ ಬಿಗುಮಾನ. ಪೇಪರ್ ನೋಡಿ, ಇವನೇ ಹೇಳಿ ಬರೆಸಿದ್ದಾನೆ ಅಂತ ಕರಗಿಹೋದರು. ಇವನು ಅವರ ಮನೆಗೆ ಹೊರಟರೆ ಅವರು ಇವನ ಮನೆಗೆ ಹೊರಟು, ಇಬ್ಬರೂ ದಾರಿಯಲ್ಲಿ ಸಿಕ್ಕಿ ಅಲ್ಲೇ ಕೈ ಹಿಡಿದುಕೊಂಡರಂತೆ. ಅವನು ಅಂಗಡಿಗೆ ಬಂದ ದಿನ ಬೆಳಿಗ್ಗೆಯಷ್ಟೇ ಕರಾರಿಗೆ ಸಹಿ ಆಗಿತ್ತು.

"ಅಣ್ಣ, ನಿಮಗೆ ಯಾರು ಹೇಳಿದ್ದು, ಅವರಾ?" ಅಂತ ಏಣಿ ಮೆಲ್ಲಗಣ್ಣನನ್ನು ಕೇಳಿದ.

"ಕಿಟಕಿ ಹೇಳಿತಪ್ಪ," ಅಂದರು ಅವರು.

ದೊಡ್ಡವರು ತಮಾಷೆ ಮಾಡುತ್ತಿದ್ದಾರೆ ಅಂತ ಅವನು ನಕ್ಕ. ಸೂಜಕ್ಕ ಟೇಪು ಹಿಡಿದು ಅವನ ಬೆನ್ನ ಹಿಂದೆ ಹೋದಳು. ಅಳತೆ ತೆಗೆಯುತ್ತಾ ಅವನ ತಲೆಯನ್ನು ಎರಡು ಸಲ ಸವರಿದ್ದನ್ನು ನಾನು ನೋಡಿದೆ.

ಮೊದಲ ಪಂದ್ಯದ ದಿನ ಗೇಟಿನ ಹತ್ತಿರ ಇಟ್ಟ ಅಂಗಿಗಳೆಲ್ಲ ಆಟ ಶುರುವಾಗುವ ಮೊದಲೇ ಖಾಲಿ. ಕೊನೆಗೆ ಮ್ಯಾನೇಜರೇ ತನಗೊಂದು ಬೇಕು ಅಂತ ಬಂದರು. ಕಿಟಕಿಯ ಅಂಗಿಯನ್ನೇ ಕೊಟ್ಟೆವು, ಅವರಿಗೆ ಮಂಡಿಯವರೆಗೆ ಬಂತು. ಅದನ್ನು ತೊಟ್ಟುಕೊಂಡೇ, ಕಾರ್ಖಾನೆಯ ಮಾತು ಮರೆತುಬಿಡಿ ಅಂದರು.

ಮೆಲ್ಲಗಣ್ಣ ಆಡಿದಂತೆ, ಏಣಿ ಅಳತೆ ಕೊಟ್ಟ ಮಾರನೇ ದಿನವೇ ಬರೆದಿದ್ದರು. ನನಗೆ ಯಾರೂ ಹೇಳಿರಲಿಲ್ಲ, ಬಿಸಿಲಿಗೆ ಕಟ್ಟಿದ ಅಂಗಿ ನೋಡಿ ಬರೆದೆ, ಸುದ್ದಿ ನಿಜವಾದದ್ದು ನನ್ನ ಜಾಣತನವಲ್ಲ, ಅಂತ ಒಂದನ್ನೂ ಬಿಡದೆ. ಅದನ್ನು ಒಬ್ಬರೂ ನಂಬಲಿಲ್ಲ. ಕ್ಷೌರದ ಅಂಗಡಿಯವನು, ಆ ಮನುಷ್ಯ ಬದುಕಿನಲ್ಲಿ ಬರೆದ ಮೊದಲ ಸುಳ್ಳು ಇದು ಅಂತ ಬಹಳ ನೊಂದುಕೊಂಡ. ಗಂಟಲು ಟಿವಿಯಲ್ಲಿ ಮೇಜು ಕುಟ್ಟಿ, ದೊಡ್ಡ ಪತ್ರಕರ್ತರು ಹೀಗೆಯೇ ತಮಗೆ ಸುದ್ದಿ ಕೊಟ್ಟವರನ್ನು ಬಚ್ಚಿಡುವುದು, ಕೊಟ್ಟವರು ಯಾರು ಅಂತ ನನಗೆ ಗೊತ್ತು, ನಾನು ಮೊದಲೇ ಹೇಳಿದ್ದೆ ಅಂದ.

ಸೂಜಕ್ಕನ ಗಂಡ ಅದನ್ನು ಕೇಳಿ ತಲೆದೂಗಿದರು.

"ಕಿಟಕಿಯಂತೆ. ನಂಬೋ ಮಾತಾ?" ಅಂದರು, ಅದೇ ಕಿಟಕಿಯ ಕೆಳಗೆ ಕೂತು.

ಅದು ಪೇಪರಿನಲ್ಲಿ ಬಂದ ದಿನ ಮೆಲ್ಲಗಣ್ಣ ಮತ್ತೆ ಬಂದರು, ಕೋಟಿಗೆ ಇನ್ನೂ ಗುಂಡಿ ಇರಲಿಲ್ಲ. ಏಣಿಯ ಸುದ್ದಿಗೆ ನನ್ನ ಡಬ್ಬಿಗೆ ಯಾವ ಗುಂಡಿ ಹಾಕಿದೆ ತಾಯಿ ಅಂತ ಕೇಳಿದರು. ಸೂಜಕ್ಕ ಬಿಳಿ ಎತ್ತಿದಳು, ಕರಿ ಎತ್ತಿದಳು, ಎರಡನ್ನೂ ಅಂಗೈಯಲ್ಲಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಎರಡನ್ನೂ ಮೇಜಿನ ಮೇಲೆ ಬಿಟ್ಟು, ಕೋಟು ಬಿಚ್ಚಿಕೊಡಿ ಅಣ್ಣ ಅಂದಳು.

ಕರಿ ಕೋಟು, ಅದಕ್ಕೆ ಹೊಂದುವ ಗುಂಡಿ ಬೇಕಲ್ಲ. ಅವಳು ಕೇಳುವ ಮೊದಲೇ ನಾನು ಕೈ ಚಾಚಿ ಗಂಟಲಿನ ಡಬ್ಬಿ ತೆಗೆದುಕೊಟ್ಟೆ.